ಎರಡೂ ಮಗ್ಗುಲಿಗೆ ಬಿಳೀ ಅಕ್ಕಿ

ಅಂಟಿಸುವುದರಲ್ಲಿ ಏನಿದೆ ಮಹಾ!

ಹೀಗೆಂದುಕೊಂಡೇ ನಾನು ಆ ವ್ಯಾಪಾರಕ್ಕೆ ಇಳಿದದ್ದು. ಮಕ್ಕಳ ಶಾಲೆಯ ಪುಸ್ತಕಗಳಿಗೆ ವರ್ಷ ವರ್ಷವೂ ರಟ್ಟು ಹಾಕಿದವಳು ನಾನು. ಅಡುಗೆಮನೆಯ ಕಪಾಟಿನೊಳಗೆಲ್ಲ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಂದೇ ಒಂದು ಗುಳ್ಳೆ ಏಳದಂತೆ ನೋಡಿಕೊಂಡವಳು ನಾನು. ಕೃಷ್ಣರಾಜನಗರದ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವುದಕ್ಕೆ, ಸೀರೆಗೆ ಫಾಲ್ ಹಚ್ಚುವುದಕ್ಕೆ ಮಂಗಳಮ್ಮನೇ ಆಗಬೇಕು ಎನ್ನುವಂಥ ಹೆಸರು ಬೇರೆ ಇತ್ತು. ಅಳತೆ ಗೊತ್ತು, ಕತ್ತರಿಸುವುದು ಗೊತ್ತು, ಅಂಟಿಸುವುದು ಗೊತ್ತು. ಅಂಗಡಿಗಳ ಗಾಜಿಗೆ, ಆಟೋ, ಕಾರು, ಬಸ್ಸುಗಳ ಮೈಗೆ ದೊಡ್ಡ ದೊಡ್ಡ ಸ್ಟಿಕರ್ ಮುದ್ರಿಸಿ ಅಂಟಿಸುವ ಉದ್ಯಮಕ್ಕೆ ಇದಕ್ಕಿಂತ ಹೆಚ್ಚಿನ ಅರ್ಹತೆ ಇನ್ನೇನು ಬೇಕು?

ಈ ಪ್ರಶ್ನೆಯನ್ನು ನಮ್ಮ ಯಜಮಾನರ ಮುಂದೆ ವಿಧ್ಯುಕ್ತವಾಗಿ ಇಟ್ಟೆ. ಅವರದು ಗೊಬ್ಬರದ ಅಂಗಡಿ. ಮಾತಿನಲ್ಲಿ ಮಾತ್ರ ಬಹಳ ಮಿತವ್ಯಯ. ಊಟ ಮಾಡುತ್ತಿದ್ದವರು ತಲೆ ಎತ್ತದೆ, "ಬ್ಲೌಸ್ ತಪ್ಪಾದ್ರೆ ಬಿಚ್ಚಿ ಹೊಲೀತೀಯ. ಬಸ್ ತಪ್ಪಾದ್ರೆ?" ಎಂದರು.

"ತಪ್ಪು ಯಾಕಾಗುತ್ತೆ? ಒಳ್ಳೇ ಕೆಲಸಕ್ಕೆ ಹೊರಟಾಗ ಅಪಶಕುನ ನುಡೀಬೇಡಿ!"

"ಸರಿ ಕಣೆ. ಹುಳಿ ಬಡಿಸು."

ಇದನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಮೈಸೂರಿನಿಂದ ಮುದ್ರಣಯಂತ್ರ ಬಂತು. ಸೆಕೆಂಡ್ ಹ್ಯಾಂಡ್ ಆದರೂ ಉದ್ದ ಮಾತ್ರ ಪೂರ್ತಿ! ನಾನು ಯಂತ್ರವನ್ನು ಅಳೆದಿದ್ದೆ, ಬಾಗಿಲನ್ನೂ ಅಳೆದಿದ್ದೆ. ಬಾಗಿಲ ಮುಂದಿನ ಜಗುಲಿಯ ಕಂಬವನ್ನು ಅಳೆಯುವುದು ಮರೆತಿತ್ತು. ಯಂತ್ರ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ನಿಂತಿತು. ಸಂಜೆ ಯಜಮಾನರು ತಮ್ಮದೇ ಮನೆಯೊಳಗೆ ಹೋಗಲು ಹಿತ್ತಲನ್ನು ಸುತ್ತಿಕೊಂಡು ಬಂದರು. ಕಡೆಗೆ ಹಾಲ್ ಕಿಟಕಿಯ ಸರಳು ಕೊಯ್ಯಿಸಿ ಅದನ್ನು ಒಳಗೆ ಇಳಿಸಿಕೊಂಡೆವು. ಸೋಫಾ ಅಡುಗೆಮನೆಗೆ ಹೋಯಿತು. ಇಂಕಿನ ವಾಸನೆ ಮೊಸರನ್ನದವರೆಗೂ ಬಂತು. ಯಾರೂ ದೂರಲಿಲ್ಲ. ಯಾರೂ ಎಂದರೆ ನಾನು.

ಮೊದಲ ಗಿರಾಕಿ ಎದುರು ಸಾಲಿನ ಬೇಕರಿಯ ಮಹದೇವಣ್ಣ. ಅಂಗಡಿಯ ಮುಂದಿನ ಗಾಜಿಗೆ 'ಬಿಸಿ ಬಿಸಿ ಪಫ್ಸ್' ಎಂದು ಬರೆದು ಒಂದು ಚಿತ್ರ ಬೇಕಿತ್ತು. ಮಳೆಗೆ ಹಾಳಾಗದಿರಲಿ ಎಂದು ನಾನೇ ಬುದ್ಧಿ ಓಡಿಸಿ ಗಾಜಿನ ಒಳಮೈಗೆ ಅಂಟಿಸಿದೆ. ಗುಳ್ಳೆ? ಒಂದೂ ಇಲ್ಲ! ಕೈ ಒರೆಸಿಕೊಂಡು ಹೊರಗೆ ಬಂದು ನೋಡಿದರೆ ಖಾಲಿ ಬಿಳೀ ಹಾಳೆ ಬೀದಿಯನ್ನು ದಿಟ್ಟಿಸುತ್ತಿದೆ. ಪಫ್ಸು, ಅಕ್ಷರ, ಬಣ್ಣ ಎಲ್ಲವೂ ಒಳಗಡೆಗೆ ಮುಖ ಮಾಡಿವೆ.

ಮಹದೇವಣ್ಣ ಒಳ್ಳೆಯ ಮನುಷ್ಯ. "ಅಕ್ಕ, ಒಳಿಕ್ಕೆ ಬಂದೋರ್ಗೆ ಇದು ಬೇಕರಿ ಅಂತ ಎಂಗೂ ಗೊತ್ತಾಯ್ತದೆ. ಒರಗಡೆ ನಿಂತೋರ್ಗೆ ಏನ್ ಮಾಡಾದು?" ಎಂದು ಬಹಳ ವಿನಯದಿಂದ ಕೇಳಿದರು.

ಇಂಥದ್ದಕ್ಕೆಲ್ಲ ಹೆದರುವವರು ಉದ್ಯಮಿಗಳಾಗುವುದಿಲ್ಲ. ಆದ್ದರಿಂದ ನಾನು ಹೆದರಲಿಲ್ಲ. ಭೇರ್ಯದ ನಂಜೇಗೌಡರು ಬಂದದ್ದು ಆಗಲೇ.

ನಂಜೇಗೌಡರು ಗೊಬ್ಬರದ ಅಂಗಡಿಯ ಹಳೇ ಗಿರಾಕಿ, ಭತ್ತದ ಬೇಸಾಯಗಾರರು. ಅವರು ಹನ್ನೆರಡು ಸೀಟಿನ ಹೊಸ ಟಿಟಿ ಗಾಡಿ ತೆಗೆದುಕೊಂಡಿದ್ದರು. ಕಡು ಹಸಿರು ಬಣ್ಣ. ಎಚ್.ಡಿ. ಕೋಟೆಯ ಕಡೆ, ಹಿನ್ನೀರಿನ ದಡದಲ್ಲಿರುವ ಒಂದು ರೆಸಾರ್ಟಿಗೆ ಖಾಯಂ ಬಾಡಿಗೆಗೆ ಬಿಡುವ ಮಾತುಕತೆ ನಡೆದಿತ್ತು. ರೆಸಾರ್ಟಿನವರು ಗಾಡಿ ನೋಡಿ ಒಪ್ಪಬೇಕು, ಅಷ್ಟೇ ಬಾಕಿ.

"ಮಂಗಳಕ್ಕ, ಇದ್ನ ಅವ್ರು ಒಪ್ಕಂಡ್ರೆ ಗಾಡಿ ನಮ್ಮನೇಲಿ ನಿಲ್ತದೆ. ಇಲ್ದಿದ್ರೆ ಮಾರಾಕೋದೇಯ. ನಮ್ಮನೇವ್ಳು ಆಗ್ಲೇ ಏಳವ್ಳೆ, 'ಬಾಡಿಗೆ ಇಲ್ದಿದ್ರೆ ಇದ್ನ ಬಾಗ್ಲಲ್ಲಿ ನಿಲ್ಲಿಸ್ಬ್ಯಾಡ, ಕಣ ಮಾಡಕೆ ಜಾಗ ಇಲ್ಲ' ಅಂತ. ಅದ್ಕೇಯ ನೋಡ್ದೇಟ್ಗೆ ಅವ್ರು ಬೆರಗಾಗ್ಬೇಕು."

"ಆಗ್ತಾರೆ ಬಿಡಿ. ಏನು ಬರಬೇಕು ಹೇಳಿ," ಎಂದು ನಾನು ಪೆನ್ನು ತೆಗೆದೆ.

"ಎರಡೂ ಮಗ್ಲಿಗೂ ಬಿಳೀ ಅಕ್ಕಿ."

"ಅಕ್ಕಿ!" ಎಂದೆ. ಭತ್ತದ ಬೇಸಾಯಗಾರರು, ಹೋಗುವುದು ಊಟ ಹಾಕುವ ಜಾಗಕ್ಕೆ. ಎಷ್ಟು ಸಹಜ! "ಸಣ್ಣದೋ ದಪ್ಪದೋ?"

"ಎರಡೂ ಇರ್ಲಿ. ದಪ್ಪವು ಮುಂದ್ಗಡೆ, ಸಣ್ಣವು ಇಂದ್ಗಡೆ. ದಂಡಿಯಾಗಿ ಇರ್ಬೇಕು ಕಣಕ್ಕ."

"ಬಣ್ಣ ಪಾಲಿಶ್ ಮಾಡಿದ ಹಾಗಾ?"

"ಉಂ, ಬೆಳ್ಳಗೆ. ನಮ್ ಗದ್ದೇಲಿ ಕಾಣ್ತವಲ್ಲ, ಅವೇಯ. ಅಂಗೇ ಆರಿಸ್ಬುಟ್ಟಂಗೆ ಇರ್ಬೇಕು."

ಆರಿಸಿದ ಅಕ್ಕಿ! ಈ ಗಂಡಸಿಗೆ ಎಂಥ ಸೂಕ್ಷ್ಮ ದೃಷ್ಟಿ ಎಂದು ನನಗೆ ಅವರ ಮೇಲೆ ಗೌರವ ಹೆಚ್ಚಿತು. "ಅಂದ್ರೆ ಕಲ್ಲು ಗಿಲ್ಲು ಒಂದೂ ಕಾಣಬಾರದು," ಎಂದೆ.

"ಕಲ್ಯಾಕಕ್ಕ? ಕಲ್ ಕಂಡ್ರೆ ಒಂದಾದ್ರೂ ನಿಲ್ತದಾ?"

ಒಂದು ಗಿರಾಕಿಯೂ ನಿಲ್ಲುವುದಿಲ್ಲ, ನಿಜ. ತಲೆದೂಗಿದೆ. "ಮುದ್ರಿಸುವ ಮುಂಚೆ ಒಂದು ಸಲ ಬಂದು ನೋಡ್ತೀರಾ?" ಎಂದೂ ಕೇಳಿದೆ. ಕೇಳಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ! "ನಾಟಿ ಟೈಮು. ನಿಮ್ಗೆ ಬುಟ್ಟಿವ್ನಿ ಬುಡಿ," ಎಂದು ಅವರು ಗಾಡಿಯನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿ, ಬೀಗದ ಕೈ ಕೊಟ್ಟು ಹೊರಟುಹೋದರು.

ಚಿತ್ರವನ್ನು ಇಂಟರ್ನೆಟ್ಟಿನಿಂದ ಕದಿಯುವುದು ನನ್ನ ಸಂಸ್ಥೆಯ ಘನತೆಗೆ ತಕ್ಕುದಲ್ಲ. ಮನೆಯ ಡ್ರಮ್ಮಿನಿಂದಲೇ ಅಕ್ಕಿ ತೆಗೆದು, ಮೊರದಲ್ಲಿ ಹರಡಿ, ಕುತ್ತಿಗೆ ಹಿಡಿದುಕೊಳ್ಳುವ ತನಕ ಆರಿಸಿದೆ. ಬಿಸಿಲಿಗೆ ಇಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದೆ. ಮಾರನೆಯ ದಿನ ಯಂತ್ರ ಕಿರುಗುಟ್ಟುತ್ತಾ ಅಕ್ಕಿಯನ್ನು ಉಗುಳತೊಡಗಿತು. ಒಂದೊಂದು ಕಾಳೂ ಸೌತೆಕಾಯಿಯಷ್ಟು!

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಇದು ಬೇಯೋಕೆ ಎಷ್ಟು ವಿಷಲ್ ಬೇಕು ಕಣೆ?"

ಸೋಪಿನ ನೀರು ಚಿಮುಕಿಸಿ, ರಬ್ಬರ್ ಪಟ್ಟಿಯಲ್ಲಿ ಒತ್ತಿ ಒತ್ತಿ, ಸಂಜೆಯ ಹೊತ್ತಿಗೆ ಎರಡೂ ಮಗ್ಗುಲು, ಕಿಟಕಿಯ ಗಾಜು ಸಮೇತ, ತುದಿಯಿಂದ ತುದಿಗೆ ಅಕ್ಕಿ ಮಾಡಿದೆ. ಹಸಿರು ಎಲ್ಲೂ ಇಣುಕದ ಹಾಗೆ!

ಮರುದಿನ ಬೆಳಗ್ಗೆ ದೋಸೆ ಹಂಚು ಒಲೆಯ ಮೇಲಿತ್ತು. ನಂಜೇಗೌಡರು ಬಿಳೀ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಮಧ್ಯಾಹ್ನದ ಊಟದ ಹೊತ್ತಿಗೆ ರೆಸಾರ್ಟಿನಲ್ಲಿ ಗಾಡಿ ತೋರಿಸಬೇಕಿತ್ತು. ನಾನು ಹೊಗಳಿಕೆ ಕೇಳಲು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದೆ.

ಅವರು ಗಾಡಿಯನ್ನು ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. ಬಗ್ಗಿ ಚಕ್ರದ ಸಂದಿಯಲ್ಲೂ ನೋಡಿದರು.

"ಅಕ್ಕ... ಅಕ್ಕಿ ಎಲ್ಲಿ?"

"ಇದೇ ಅಲ್ವಾ ಅಕ್ಕಿ!"

"ಇದು ಅಕ್ಕಿ. ನಾನ್ ಏಳಿದ್ದು ಅಕ್ಕಿ!" ಎಂದು ಅವರು ಎರಡೂ ತೋಳನ್ನು ಅಗಲಿಸಿ ಪಟಪಟ ಬಡಿದರು. "ಆರೋ ಅಕ್ಕಿ! ಬೆಳ್ಳಕ್ಕಿ, ಕೊಕ್ಕರೆ! ಆ ರೆಸಾರ್ಟ್ಗೆ ಜನ ಬರಾದೇ ಅಕ್ಕಿ ನೋಡಕೆ ಕಣಕ್ಕ!"

ಹಕ್ಕಿ! ಗದ್ದೆಯಲ್ಲಿ ಕಾಣುವ ಬಿಳೀ ಹಕ್ಕಿ. ಕಲ್ಲು ಕಂಡರೆ ನಿಲ್ಲದ ಹಕ್ಕಿ. ಹಾರಿಸಿಬಿಟ್ಟ ಹಾಗೆ ಇರಬೇಕಾದ ಹಕ್ಕಿ! ನಾನು ಹುಟ್ಟಿ ಬೆಳೆದದ್ದು ಇದೇ ತಾಲ್ಲೂಕಿನಲ್ಲಿ. ಅವರು 'ಏಳವ್ಳೆ' ಎಂದಾಗ ಹೇಳಿದ್ದಾಳೆ ಎಂದು ತಿಳಿದುಕೊಂಡೆ. 'ಇಂದ್ಗಡೆ' ಎಂದಾಗ ಹಿಂದುಗಡೆ ಎಂದು ತಿಳಿದುಕೊಂಡೆ. ಅವರ ಮಾತಿನ ಉದ್ದಕ್ಕೂ ಬೇಕಾದಲ್ಲೆಲ್ಲ ಒಂದೊಂದು 'ಹ' ನಾನೇ ಕೈಯಿಂದ ಹಾಕಿಕೊಂಡು ಕೇಳಿದವಳು, ಇಡೀ ಬಾಡಿಗೆ ಯಾವುದರ ಮೇಲೆ ನಿಂತಿತ್ತೋ ಆ ಒಂದೇ ಒಂದು ಮಾತಿಗೆ ಹಾಕದೆ ಬಿಟ್ಟೆ!

ಅಷ್ಟರಲ್ಲಿ ನಂಜೇಗೌಡರು ಬಾಗಿಲ ಪಕ್ಕದ ಒಂದು ಜಾಗಕ್ಕೆ ಬೆರಳು ಇಟ್ಟರು. "ಇದೇನಕ್ಕ ಇದು, ಇಲೀನಾ?"

ಕಂದು ಬಣ್ಣ. ಆರು ಕಾಲು. ಉದ್ದನೆಯ ಮೂತಿ. ಅಕ್ಕಿಹುಳ! ಮೊರದಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡಿದ್ದ ಒಂದೇ ಒಂದು ಹುಳ, ಸಾಕಿದ ಇಲಿಯ ಗಾತ್ರಕ್ಕೆ ಬೆಳೆದು, ಪ್ರಯಾಣಿಕರನ್ನು ಸ್ವಾಗತಿಸುವಂತೆ ಮೆಟ್ಟಿಲ ಬಳಿ ಕೂತಿತ್ತು.

ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ಹೊರಗೆ ಬಂದವರು ಎಲ್ಲವನ್ನೂ ಸಾವಧಾನವಾಗಿ ಪರಿಶೀಲಿಸಿದರು. "ಗೌಡ್ರೇ, ಹಕ್ಕಿ ಇಲ್ಲ ಅನ್ನೋದು ಬಿಟ್ರೆ ಹಕ್ಕಿಗೆ ಬೇಕಾದ್ದೆಲ್ಲ ಇದೆ. ಅಕ್ಕಿನೂ ಇದೆ, ಹುಳಾನೂ ಇದೆ."

ನಂಜೇಗೌಡರು ನಗಲಿಲ್ಲ. ಗಾಡಿಯೊಳಗೆ ಹತ್ತಿ ಕೂತರು. ಒಳಗಿನಿಂದ ದನಿ ಮಾತ್ರ ಬಂತು. "ಅಣ್ಣೋ, ಏನೂ ಕಾಣ್ತಿಲ್ಲ! ಒಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಒಳ್ಗೆ ಕುಂತಂಗಾಯ್ತದೆ!"

ಕಿಟಕಿಯ ಗಾಜಿಗೆ ಸಣ್ಣ ಸಣ್ಣ ತೂತಿರುವ ಬೇರೆಯೇ ಹಾಳೆ ಇದೆಯಂತೆ. ಒಳಗಿನವರಿಗೆ ಹೊರಗಡೆ ಕಾಣಲಿ ಎಂದು. ನನಗೆ ಗೊತ್ತಿರಲಿಲ್ಲ. ಹಕ್ಕಿ ನೋಡಲು ಹೋಗುವ ಹನ್ನೆರಡು ಮಂದಿಯನ್ನು ನಾನು ಕತ್ತಲೆಯಲ್ಲಿ ಕೂರಿಸಿದ್ದೆ.

ನಂಜೇಗೌಡರು ಇಳಿದು ಬಂದರು. ಆ ಮನುಷ್ಯ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಓಗ್ಲಿ ಬುಡಿ. ಮಾರ್ಬುಡಾದೆ ಇನ್ನ," ಎಂದು ಜಗುಲಿಯ ಮೇಲೆ ಕೂತುಬಿಟ್ಟರು. ಇಸ್ತ್ರಿ ಅಂಗಿ ಹಾಗೇ ಇತ್ತು.

"ಮಾರೋದು ಬೇಡ!" ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಇನ್ನೂ ಹೊತ್ತಿದೆ. ಕೀಳೋಣ!"

ಕೀಳುವುದು ಎಂದರೇನೆಂದು ಅಂಟಿಸಿದವರಿಗೆ ಮಾತ್ರ ಗೊತ್ತು. ಹಿಂದಿನ ದಿನ ನಾನು ಹೆಮ್ಮೆಯಿಂದ ಒತ್ತಿದ್ದ ಒಂದೊಂದು ಇಂಚೂ ಈಗ ನನ್ನ ಮೇಲೆ ಸೇಡು ತೀರಿಸಿಕೊಂಡಿತು. ಹಂಡೆಯ ಬಿಸಿನೀರು ಸುರಿದೆವು, ಮಗಳು ಬಿಟ್ಟುಹೋಗಿದ್ದ ಕೂದಲು ಒಣಗಿಸುವ ಮಿಷನ್ ತಂದು ಊದಿದೆವು. ಕಿಟಕಿಯ ಗಾಜುಗಳು ಹೇಗೋ ಬಿಡುಗಡೆಯಾದವು. ಆದರೆ ಮೈಮೇಲಿನದು ಉಗುರಗಲ ಉಗುರಗಲವಾಗಿ ಬರುತ್ತಿದೆ, ಸೂರ್ಯ ಮಾತ್ರ ಸರಸರ ಮೇಲೇರುತ್ತಿದ್ದಾನೆ. ಒಳಗೆ ದೋಸೆ ಹಂಚು ಹೊಗೆಯಾಡುತ್ತಿದೆ. ಅದನ್ನು ಇಳಿಸುವಷ್ಟೂ ಪುರುಸೊತ್ತಿಲ್ಲ!

ಆಗ ನನಗೊಂದು ಉಪಾಯ ಹೊಳೆಯಿತು. ಆ ದಿನ ನನಗೆ ಏನೂ ಹೊಳೆಯದೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ರೀ, ಪೂರ್ತಿ ಕೀಳೋದು ಬೇಡ! ಅಕ್ಕಿ ಬೆಳ್ಳಗಿದೆ. ಗಾಡಿ ಹಸಿರಿದೆ. ಹಕ್ಕಿಯ ಆಕಾರ ಬಿಟ್ಟು ಸುತ್ತಲಿನದು ಮಾತ್ರ ತೆಗೆದರೆ ಹಸಿರು ಗದ್ದೆ ಮೇಲೆ ಬಿಳೀ ಹಕ್ಕಿ!"

ಯಜಮಾನರೂ ನಂಜೇಗೌಡರೂ ಪರಸ್ಪರ ಮುಖ ನೋಡಿಕೊಂಡರು. ಬೇರೆ ದಾರಿ ಯಾರ ಬಳಿಯೂ ಇರಲಿಲ್ಲ. ಬ್ಲೇಡು ಹಿಡಿದು ನಾನೇ ಗೆರೆ ಎಳೆದೆ. ಗಾಡಿಯ ಬಣ್ಣಕ್ಕೆ ತಾಗಬಾರದು, ಹೊತ್ತು ಮೀರಬಾರದು. ನಾನು ಕೊರೆದಲ್ಲೆಲ್ಲ ಅವರಿಬ್ಬರೂ ಸುತ್ತಲಿನ ಹಾಳೆ ಸುಲಿದರು. ಆದರೆ ಜೀವಮಾನವಿಡೀ ಬ್ಲೌಸ್ ಕತ್ತರಿಸಿದ ಕೈ ಇದು. ಕೊಕ್ಕರೆಯ ನೀಳವಾದ ಕುತ್ತಿಗೆ ಅದಕ್ಕೆ ಒಗ್ಗಲಿಲ್ಲ. ಕುತ್ತಿಗೆಯನ್ನು ದುಂಡಗೆ, ರೆಕ್ಕೆಯನ್ನು ಪಫ್ ತೋಳಿನ ಹಾಗೆ ಅದು ತನ್ನಷ್ಟಕ್ಕೆ ತಿರುಗಿಸಿಕೊಂಡು ಹೋಯಿತು.

ಮುಗಿದ ಮೇಲೆ ದೂರ ನಿಂತು ನೋಡಿದೆವು.

ನಂಜೇಗೌಡರು ಕತ್ತು ಓರೆ ಮಾಡಿ ನೋಡಿದರು. "ಅಕ್ಕ, ತಪ್ ತಿಳ್ಕಬ್ಯಾಡಿ. ಇವು ಆರಾ ಅಂಗಿಲ್ಲ. ಮೊಟ್ಟೆ ಇಕ್ಕಾ ಅಂಗವೆ."

ನಿಜ. ಎರಡೂ ಮಗ್ಗುಲಿಗೆ ಒಂದು ಹಿಂಡು ಬಿಳೀ ಕೋಳಿಗಳು!

ತಿದ್ದಲು ಹೊತ್ತಿರಲಿಲ್ಲ. ದಾರಿಯಲ್ಲಿ ಅಂಚು ಎದ್ದರೆ ಒತ್ತಲು ಬೇಕೆಂದು ನನ್ನನ್ನೂ ಹತ್ತಿಸಿಕೊಂಡರು. ನಾನು ಹೊರಟೆನೆಂದು ಯಜಮಾನರೂ ಒಲೆ ಆರಿಸಿ, ಅಂಗಡಿಗೆ ಬೀಗ ಹಾಕಿ ಹತ್ತಿದರು. ಹುಣಸೂರಿನವರೆಗೂ ನಂಜೇಗೌಡರು ಸ್ಟೇರಿಂಗನ್ನು ಹಗ್ಗ ಹಿಡಿದ ಹಾಗೆ ಹಿಡಿದಿದ್ದರು.

ಹುಣಸೂರಿನ ಸರ್ಕಲ್ಲಿನಲ್ಲಿ ಒಂದು ಕೋಳಿಯ ಬಾಲ ಗಾಳಿಗೆ ಎದ್ದು ಪಟಪಟ ಬಡಿಯಲಾರಂಭಿಸಿತು. ಗಾಡಿ ನಿಲ್ಲಿಸಿ, ನಾನು ಇಳಿದು ಅಂಗೈಯಲ್ಲಿ ಅದನ್ನು ಒತ್ತುತ್ತಾ ನಿಂತೆ. ಟೀ ಅಂಗಡಿಯ ಮುಂದೆ ಕೂತಿದ್ದವರೊಬ್ಬರು ಎದ್ದು ಬಂದರು.

"ಅಮ್ಮೋ, ಫಾರಂ ಕೋಳಿ ಕೆಜಿ ಎಂಗೆ?"

"ಇದು ಕೋಳಿ ಗಾಡಿ ಅಲ್ಲ."

"ಮತ್ತೆ? ಮೊಟ್ಟೇದಾ?"

ಒಳಗಿನಿಂದ ಯಜಮಾನರ ದನಿ ಕೇಳಿಸಿತು. "ಬಾ ಕಣೆ ಮಂಗಳಾ, ವ್ಯಾಪಾರ ಆಮೇಲೆ ಮಾಡುವಂತೆ."

ನಾನು ಹತ್ತಿ ಕೂತೆ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನಗು ಬಂದೋ ಅಳು ಬಂದೋ ನನಗೇ ತಿಳಿಯಲಿಲ್ಲ. ಹಿಂದಿನ ಸೀಟಿನಿಂದ ನಂಜೇಗೌಡರ ಬೆನ್ನು ಕಾಣುತ್ತಿತ್ತು. ಇಸ್ತ್ರಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ದೇವರೇ, ನನ್ನ ಹೆಸರು ಹೋದರೆ ಹೋಗಲಿ, ಈ ಮನುಷ್ಯನ ಬಾಡಿಗೆ ಉಳಿಯಲಿ ಎಂದು ಕೋಟೆಯವರೆಗೂ ಬೇಡಿಕೊಂಡೆ.

ರೆಸಾರ್ಟಿನ ಗೇಟಿನಲ್ಲಿ ಊಟದ ಘಂಟೆ ಹೊಡೆಯುತ್ತಿತ್ತು. ಮ್ಯಾನೇಜರು ಒಬ್ಬ ಹೆಂಗಸು, ಖಾಕಿ ಪ್ಯಾಂಟು, ಕೊರಳಲ್ಲಿ ದುರ್ಬೀನು. ನಂಜೇಗೌಡರು ಕೈ ಮುಗಿದು ಪಕ್ಕಕ್ಕೆ ನಿಂತರು. ಆಕೆ ಎಂಜಿನ್ ಸದ್ದು ಕೇಳಿದರು. ಸೀಟು ಒತ್ತಿ ನೋಡಿದರು. ಕಿಟಕಿ ಸರಿಸಿ ಮುಚ್ಚಿದರು. ಆಮೇಲೆ ಹೊರಗೆ ಬಂದು ಕೋಳಿಗಳ ಮುಂದೆ ನಿಂತರು. ಹತ್ತಿರ ಹೋಗಿ ಅವುಗಳ ಹೊಟ್ಟೆಯೊಳಗಿನ ಅಕ್ಕಿಯನ್ನು ನೋಡಿದರು. ಪಕ್ಕದಲ್ಲೇ, ಆತುರದಲ್ಲಿ ನಾವು ಕೀಳಲು ಮರೆತಿದ್ದ ಹುಳದ ಮೂತಿಯನ್ನೂ ನೋಡಿದರು.

"ಇದು ಏನು?"

ನಾನು ಮುಂದೆ ಬಂದು, "ತಪ್ಪು ನನ್ನದು ಮೇಡಂ. ಗಾಡಿ ಅವರದು, ಗಾಡಿ ಚೆನ್ನಾಗಿದೆ," ಎಂದೆ.

"ಗಾಡಿ ಚೆನ್ನಾಗಿದೆ, ಅದು ಗೊತ್ತು. ಅದರ ಬಣ್ಣ ಕಡು ಹಸಿರು ಅಂತ ಕೇಳಿಯೇ ಕರೆಸಿದ್ದು," ಎಂದರು ಆಕೆ. "ಗಿಡದ ನಡುವೆ ಬೆರೆತುಹೋಗುತ್ತೆ ಅಂತ. ನಮ್ಮ ಗಾಡಿಗಳ ಮೇಲೆ ನಾವು ಏನನ್ನೂ ಅಂಟಿಸುವುದಿಲ್ಲ. ಬೆಳ್ಳಗೆ ಹೊಳೆಯುವ ವಸ್ತು ಕಂಡರೆ ಹಕ್ಕಿಗಳು ಹೆದರಿ ಹಾರಿಹೋಗ್ತವೆ."

ಏನನ್ನೂ ಅಂಟಿಸುವುದಿಲ್ಲ!

ನಂಜೇಗೌಡರು ನನ್ನನ್ನು ನೋಡಿದರು. ನಾನು ನೆಲವನ್ನು ನೋಡಿದೆ. ಯಜಮಾನರು ಹಿನ್ನೀರನ್ನು ನೋಡಿದರು.

"ಸಂಜೆ ಅತಿಥಿಗಳನ್ನು ಕರೆದುಕೊಂಡು ಹೊರಡಬೇಕು," ಎಂದು ಮ್ಯಾನೇಜರ್ ಮುಂದುವರಿಸಿದರು. "ಅಷ್ಟರೊಳಗೆ ಇದೆಲ್ಲ ಹೋಗಿ, ಅಂಟೂ ಉಳಿಯದೆ ಮೊದಲಿನ ಹಾಗೆ ಆಗುತ್ತಾ? ಆಗುವುದಾದರೆ ಇವತ್ತಿನಿಂದಲೇ ಗಾಡಿ ಇರಲಿ. ಆಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತೆ."

"ಆಗುತ್ತೆ ಮೇಡಂ!" ಎಂದೆ. "ನಿಮ್ಮ ಅಡುಗೆಮನೆಯಿಂದ ಸ್ವಲ್ಪ ಕೊಬ್ಬರಿ ಎಣ್ಣೆ ಕೊಡಿಸಿ. ಒಂದು ಹಳೇ ಪಂಚೆ, ಬಕೆಟ್ ಬಿಸಿನೀರು."

ಹೊಸ ಸ್ಟೀಲ್ ಡಬ್ಬಿಗಳ ಮೇಲಿನ ಚೀಟಿ ತೆಗೆಯುವ ವಿದ್ಯೆ ಇದು. ಮರದ ನೆರಳಿನಲ್ಲಿ ಗಾಡಿಗೆ ಎಣ್ಣೆ ಸವರಿ ನೆನೆಯಲು ಬಿಟ್ಟು, ಉಗುರಿನಿಂದ ಅಂಚು ಎಬ್ಬಿಸಿ, ಒಂದೊಂದೇ ಕೋಳಿಯನ್ನು ಸುಲಿದೆ. ನಂಜೇಗೌಡರು ನೀರು ಹೊಯ್ದರು. ಯಜಮಾನರು ಪಂಚೆಯಲ್ಲಿ ಉಜ್ಜಿದರು. ಮಧ್ಯೆ ಒಮ್ಮೆ ನಂಜೇಗೌಡರು, "ಅಕ್ಕ, ನಿಮ್ ಬೆರಳ್ಗೆ ಬೊಬ್ಬೆ ಬತ್ತದೆ, ಕೊಡಿ ನಾನ್ ಕೀಳ್ತೀನಿ," ಎಂದರು. ಕೊಡಲಿಲ್ಲ. ಅತಿಥಿಗಳು ಟೀ ಕುಡಿದು ಟೋಪಿ ಹಾಕಿಕೊಳ್ಳುವ ಹೊತ್ತಿಗೆ ಗಾಡಿ ಎಣ್ಣೆಸ್ನಾನ ಮುಗಿಸಿದ ಮದುಮಗನ ಹಾಗೆ ಹಸಿರಾಗಿ ಮಿನುಗುತ್ತಿತ್ತು. ಮ್ಯಾನೇಜರ್ ಅದರ ಮೈಮೇಲೆ ಬೆರಳಾಡಿಸಿ ನೋಡಿ, "ಹತ್ತಿ," ಎಂದು ಅತಿಥಿಗಳಿಗೆ ಕೈ ಮಾಡಿದರು.

ನಂಜೇಗೌಡರು ಸ್ಟೇರಿಂಗ್ ಹಿಂದೆ ಕೂತರು. ಹೊರಡುವ ಮುಂಚೆ ತಲೆ ಹೊರಗೆ ಹಾಕಿ, "ಮಂಗಳಕ್ಕ, ಬಸ್ಸಲ್ಲಿ ಓಗ್ತೀರಲ್ವಾ?" ಎಂದರು. ಬೆಳಗಿನಿಂದ ಅವರು ನಕ್ಕಿದ್ದು ಅದೇ ಮೊದಲು.

ಈಗ ನಮ್ಮ ವ್ಯಾಪಾರ ಕುದುರಿದೆ. ನಂಜೇಗೌಡರು ಹೋದಲ್ಲೆಲ್ಲ ನನ್ನ ಗುಣಗಾನ ಮಾಡುತ್ತಾರೆ. ಅವರ ಪ್ರಚಾರದಿಂದಾಗಿ ಭೇರ್ಯದಿಂದ, ಹುಣಸೂರಿನಿಂದ, ಪಿರಿಯಾಪಟ್ಟಣದಿಂದಲೂ ಗಾಡಿಗಳು ಬಂದು ನಮ್ಮ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಹಳೇ ಮಾಲೀಕರ ಹೆಸರು, ಸೋತವರ ಚುನಾವಣೆಯ ಚಿಹ್ನೆ, ಮುರಿದುಹೋದ ಮದುವೆಯ ಜೋಡಿ ಹೆಸರು ಎಲ್ಲ ಬರುತ್ತವೆ. ಅಂಟಿಸಿಕೊಳ್ಳಲು ಇವತ್ತಿನವರೆಗೆ ಒಬ್ಬರೂ ಬಂದಿಲ್ಲ. ಹಾಲಿನ ತುಂಬ ಮಲಗಿರುವ ಆ ಯಂತ್ರದ ಮೇಲೆ ಒಗೆದ ಬಟ್ಟೆ ಮಡಚಿಡುತ್ತೇನೆ. ಅದಕ್ಕೆ ಮಾತ್ರ ಅಳತೆ ಬಹಳ ಸರಿಯಾಗಿದೆ.

ನಿನ್ನೆ ಫೋನ್ ಬಂದಾಗ ನನ್ನ ಕೈಯೆಲ್ಲ ಎಣ್ಣೆ. ಯಜಮಾನರೇ ಎತ್ತಿಕೊಂಡರು. ಆ ಕಡೆಯವರು ಏನು ಕೇಳಿದರೋ ಕೇಳಿಸಲಿಲ್ಲ. ಇವರು ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಉತ್ತರಿಸಿದರು:

"ಹೌದು, ಕೀಳೋ ಮಂಗಳಮ್ಮನ ಮನೆಯೇ. ನಾನು ಒರೆಸೋನು ಮಾತಾಡ್ತಿರೋದು."